ಗೈಡು ಪುಸ್ತಕ, ಮುಸುಕಿನ ರೆಬೆಕ್ಕಾ, ಅಮರಾವತಿಯ ಬಂಡೆ

ನಮ್ಮ ಕಡೆ ಗೈಡು ಅಂದ್ರೆ ಎರಡೇ ಅರ್ಥ. ಒಂದು, ಹತ್ತನೆ ತರಗತಿ ಹುಡುಗರು ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆಯುವ ಗೈಡು. ಇನ್ನೊಂದು, ಹಂಪಿಯಲ್ಲಿ ಬಸ್ಸಿಳಿದ ಕೂಡಲೆ "ಬರ್ರಿ ಯಜಮಾನ್ರ, ಎಲ್ಲಾ ತೋರಿಸ್ತೀನಿ" ಅಂತ ಬೆನ್ನು ಹತ್ತುವ ಮನುಷ್ಯ. ನಾನು ಬರೆಯುತ್ತಿರುವುದು ಮೂರನೆಯ ಗೈಡಿನ ಬಗ್ಗೆ. ಮ್ಯೂಸಿಯಂ ನೋಡಲು ಹೋಗುವವರ ಕೈಗೆ ಕೊಡುವ ಸಣ್ಣ ಪುಸ್ತಕ, ಕೈಪಿಡಿ. ಇದು ಯುರೋಪಿನ ದೊಡ್ಡ ಚಿತ್ರಶಾಲೆಗಳ ಜೊತೆ ಬೆಳೆದ ಪದ್ಧತಿ. ಅದರಿಂದ ನಮಗೇನು ಅಂತ ಕೇಳಬಹುದು. ಯುರೋಪಿನ ಕಲೆ ನೋಡಲು ನಾವು ಹಡಗು ಹತ್ತಬೇಕಿಲ್ಲ, ಕರ್ನೂಲಿನಲ್ಲಿ ಬಸ್ಸು ಹತ್ತಿದರೆ ಸಾಕು. ಅಲ್ಲಿಂದ ಸುಮಾರು 210 ಕಿಲೋಮೀಟರು ದೂರದಲ್ಲಿ, ಹೈದರಾಬಾದಿನ ಮೂಸಿ ನದಿಯ ದಂಡೆಯ ಮೇಲೆ, ಸಾಲಾರ್‌ಜಂಗ್ ಮ್ಯೂಸಿಯಂ ಐತಿ.

ಮೂವತ್ತು ವರ್ಷ ಸಮಾಜ ಪಾಠ ಹೇಳಿದವನು ನಾನು. ಮಕ್ಕಳನ್ನು ಕರಕೊಂಡು ಅಲ್ಲಿಗೆ ಹಲವು ಸಲ ಹೋಗಿದ್ದೇನೆ, ಒಬ್ಬನೇ ಹೋದದ್ದೂ ಉಂಟು. ಒಬ್ಬನೇ ಹೋದಾಗ ಬೇರೆ ಊರುಗಳ ಶಾಲಾ ಪ್ರವಾಸಗಳನ್ನು ನಿಂತು ನೋಡುವುದು ನನಗೊಂದು ಚಟ. ಮಕ್ಕಳು ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಇಟ್ಟುಕೊಂಡು ಸಾಲಾಗಿ ಬರುತ್ತಾರೆ. "ಮುಟ್ಟಬ್ಯಾಡ್ರಿ, ನಡೀರಿ, ನಡೀರಿ" ಅನ್ನುವ ಒಂದೇ ಮಾತು. ಮೂವತ್ತಕ್ಕೂ ಹೆಚ್ಚು ಗ್ಯಾಲರಿಗಳು ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತವೆ. ಆಮೇಲೆ ಎಲ್ಲರೂ ದೊಡ್ಡ ಗಡಿಯಾರದ ಮುಂದೆ ಹನ್ನೆರಡು ಹೊಡೆಯುವುದನ್ನು ಕಾಯುತ್ತ ಕೂಡುತ್ತಾರೆ. ಕುಕ್ ಅಂಡ್ ಕೆಲ್ವಿ ಕಂಪನಿಯ ಆ ಗಡಿಯಾರದೊಳಗಿಂದ ಗಡ್ಡದ ಗೊಂಬೆ ಹೊರಗೆ ಬಂದು ಗಂಟೆ ಬಾರಿಸಿ ಒಳಗೆ ಹೋಗುತ್ತದೆ. ಚಪ್ಪಾಳೆ. ಬಸ್ಸು. ಏನು ನೋಡಿದ್ರಪ್ಪಾ ಅಂದ್ರೆ, "ಗಡಿಯಾರ ನೋಡಿದ್ವಿ ಸಾರ್." ಮಕ್ಕಳ ಮೇಲೆ ನನಗೆ ದೂರಿಲ್ಲ. ಅಲ್ಲಿ ತನ್ನ ಕಥೆ ತಾನೇ ಹೇಳಿಕೊಳ್ಳುವ ವಸ್ತು ಅದೊಂದೇ. ಉಳಿದವು ಯಾರಾದರೂ ಹೇಳಲಿ ಅಂತ ಸುಮ್ಮನೆ ನಿಂತಿರುತ್ತವೆ.

ಈ ವಸ್ತುಗಳು ಅಲ್ಲಿಗೆ ಬಂದ ಬಗೆಯನ್ನು ಮೊದಲು ಹೇಳಬೇಕು. ತುಂಗಭದ್ರೆಯ ಆಚೆ ದಡ ನಿಜಾಮರ ಸೀಮೆಯಾಗಿದ್ದದ್ದು ನಮ್ಮ ಹಿರಿಯರಿಗೆ ನೆನಪಿತ್ತು. ಆದೋನಿಯೂ ಹಿಂದೆ ನಿಜಾಮರದೇ, 1800ರಲ್ಲಿ ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟರು. ಆ ನಿಜಾಮರ ದಿವಾನಗಿರಿ ನೋಡಿದ ಮನೆತನ ಸಾಲಾರ್‌ಜಂಗರದು. ಮೊದಲನೆಯ ಸಾಲಾರ್‌ಜಂಗ್ 1853ರಿಂದ 1883ರವರೆಗೆ ದಿವಾನರಾಗಿದ್ದರು. 1876ರಲ್ಲಿ ಅವರು ಯುರೋಪಿಗೆ ಹೋಗಿ ಬಂದರು. ಪ್ಯಾರಿಸಿನ ಹೋಟೆಲಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು, ಆದರೂ ಪ್ರವಾಸ ಬಿಡಲಿಲ್ಲ. ಮುಸುಕು ಹಾಕಿದ ರೆಬೆಕ್ಕಾಳ ಅಮೃತಶಿಲೆಯ ವಿಗ್ರಹವನ್ನು ಇಟಲಿಯಲ್ಲಿ ಕೊಂಡದ್ದು ಆ ಪ್ರವಾಸದಲ್ಲಿಯೇ. ಉಳಿದ ಬಹುಪಾಲು ವಸ್ತುಗಳನ್ನು ಕೂಡಿಸಿದವರು ಮೂರನೆಯ ಸಾಲಾರ್‌ಜಂಗ್, ಮೀರ್ ಯೂಸುಫ್ ಅಲಿ ಖಾನ್. ಮದುವೆಯಾಗಲಿಲ್ಲ. ಎರಡು ವರ್ಷ ದಿವಾನಗಿರಿ ಮಾಡಿ ಬಿಟ್ಟು, ಆಮೇಲೆ ಜೀವಮಾನವಿಡೀ ವಸ್ತು ಕೊಳ್ಳುವುದೇ ಕೆಲಸ. 1949ರಲ್ಲಿ ತೀರಿಕೊಂಡರು. 1951ರ ಡಿಸೆಂಬರ್ 16ರಂದು ಅವರ ದಿವಾನ್ ದೇವಡಿ ಅರಮನೆಯಲ್ಲೇ ನೆಹರೂ ಅವರು ಮ್ಯೂಸಿಯಂ ತೆರೆದರು. 1968ರಲ್ಲಿ ಅದು ಈಗಿನ ಕಟ್ಟಡಕ್ಕೆ ಬಂತು. ಸುಮಾರು 43,000 ವಸ್ತುಗಳು ಅಂತ ಲೆಕ್ಕ ಹೇಳುತ್ತಾರೆ. ದಿನಕ್ಕೆ ನೂರು ನೋಡಿದರೂ ಒಂದು ವರ್ಷಕ್ಕೆ ಮೇಲಾಯಿತು. ಅಂದಮೇಲೆ ಎಲ್ಲವನ್ನೂ ನೋಡುತ್ತೇನೆ ಅನ್ನುವ ಹಟವನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗುವುದು ಒಳ್ಳೆಯದು.

ಈಗ ರೆಬೆಕ್ಕಾಳ ಮುಂದೆ ನಿಲ್ಲೋಣ. ನೋಡಿದವರೆಲ್ಲ "ಅಬ್ಬಬ್ಬಾ, ಕಲ್ಲಿನಾಗ ಬಟ್ಟೆ ಹೆಂಗ ಮಾಡ್ಯಾನ" ಅನ್ನುತ್ತಾರೆ. ಮುಖದ ಮೇಲೆ ತೆಳುವಾದ ಒದ್ದೆ ಬಟ್ಟೆ ಅಂಟಿಕೊಂಡಂತೆ ಕಾಣುತ್ತದೆ, ಅದರೊಳಗಿನಿಂದ ಮೂಗು, ಕಣ್ಣಿನ ರೆಪ್ಪೆ, ತುಟಿ ಎಲ್ಲಾ ಕಾಣುತ್ತದೆ. ಬೆರಗಾಗುವುದು ಸರಿಯೇ. ಆದರೆ ಅಷ್ಟಕ್ಕೇ ಮುಂದಿನ ಕೋಣೆಗೆ ಹೋದರೆ ನಾವು ನೋಡಿದ್ದು ಬಟ್ಟೆಯನ್ನು, ಹೆಣ್ಣುಮಗಳನ್ನಲ್ಲ. ಕೈಪಿಡಿ ತೆಗೆದರೆ ಅವಳ ಕಥೆ ಸಿಗುತ್ತದೆ. ಅದು ಬೈಬಲಿನ ಮೊದಲ ಭಾಗದ್ದು. ಅಬ್ರಹಾಮ ಅನ್ನುವ ಹಿರಿಯ ತನ್ನ ಮಗ ಐಸಾಕನಿಗೆ ಹೆಣ್ಣು ನೋಡಲು ನಂಬಿಕೆಯ ಆಳನ್ನು ಕಳಿಸುತ್ತಾನೆ. ಆಳು ದೂರದ ಊರಿಗೆ ಹೋಗಿ ಸಂಜೆ ಹೊತ್ತು ಬಾವಿಯ ಹತ್ತಿರ ನಿಲ್ಲುತ್ತಾನೆ. ನೀರಿಗೆ ಬಂದ ರೆಬೆಕ್ಕಾ ಅವನಿಗೂ ಕುಡಿಸಿ, ಕೇಳದೆಯೇ ಅವನ ಹತ್ತು ಒಂಟೆಗಳಿಗೂ ಸೇದಿ ಹಾಕುತ್ತಾಳೆ. ಇವಳೇ ಸರಿ ಅಂತ ಮಾತುಕತೆ ಆಗಿ, ಕರಕೊಂಡು ಬರುವಾಗ, ಹೊಲದಲ್ಲಿ ಎದುರಿಗೆ ನಡೆದು ಬರುತ್ತಿರುವವನು ಯಾರು ಅಂತ ಅವಳು ಕೇಳುತ್ತಾಳೆ. ಅವನೇ ಮದುಮಗ ಅಂತ ಗೊತ್ತಾದ ಕೂಡಲೆ ಒಂಟೆಯಿಂದ ಇಳಿದು ಮುಸುಕು ಎಳೆದುಕೊಳ್ಳುತ್ತಾಳೆ. ಆ ಕ್ಷಣ ಈ ವಿಗ್ರಹ.

ಬಾವಿ, ಕೊಡ, ಹೆಣ್ಣು ನೋಡುವುದು, ಮದುವೆಗೆ ಮುಂಚೆ ಗಂಡನ ಮುಖ ಕಾಣದೆ ಮನೆ ಬಿಟ್ಟು ಬರುವುದು. ಇದರಲ್ಲಿ ಯಾವುದು ನಮ್ಮ ಊರಿನ ಹೆಣ್ಣುಮಕ್ಕಳಿಗೆ ಹೊಸದು? ಒಂದು ಪ್ರವಾಸದಲ್ಲಿ ಅಡುಗೆಗೆ ಅಂತ ನಮ್ಮ ಜೊತೆ ಬಂದಿದ್ದ ಹಿರಿಯ ತಾಯಿಯೊಬ್ಬರು ಈ ಕಥೆ ಕೇಳಿ, ವಿಗ್ರಹದ ಮುಖವನ್ನೇ ಬಹಳ ಹೊತ್ತು ನೋಡಿ, "ಪಾಪ, ಎದಿ ಹೊಡಕೊಳ್ಳಾಕ ಹತ್ತಿರಬೇಕು ಅಕಿಗೆ" ಅಂದರು. ಯಾವ ಕಲಾವಿಮರ್ಶಕನೂ ಅದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಓದಿಲ್ಲ. ಕಥೆ ಗೊತ್ತಿಲ್ಲದಿದ್ದರೆ ಆ ಮಾತು ಹುಟ್ಟುತ್ತಿರಲಿಲ್ಲ.

ಕೈಪಿಡಿ ಇನ್ನೊಂದು ಕೆಲಸ ಮಾಡುತ್ತದೆ, ಅತಿ ಬೆರಗನ್ನು ಇಳಿಸುತ್ತದೆ. ಇಂಥ ಮುಸುಕಿನ ವಿಗ್ರಹ ಲೋಕಕ್ಕೆಲ್ಲ ಇದೊಂದೇ ಅಂತ ನಮ್ಮವರು ಹೇಳುವುದುಂಟು. ಹಾಗಲ್ಲ. ಕೆತ್ತಿದ ಜೊವಾನಿ ಮಾರಿಯಾ ಬೆಂಜೋನಿ ರೋಮಿನಲ್ಲಿ ದೊಡ್ಡ ಕಾರ್ಖಾನೆ ಇಟ್ಟಿದ್ದವನು. ಇದೇ ರೆಬೆಕ್ಕಾಳ ಹಲವು ಪ್ರತಿಗಳು ಅಲ್ಲಿ ತಯಾರಾದವು. ಅಮೆರಿಕಾದ ಮ್ಯೂಸಿಯಂಗಳಲ್ಲೂ ಅವಳು ಇದ್ದಾಳೆ. ಕಲ್ಲಿನಲ್ಲಿ ಮುಸುಕು ಕೆತ್ತುವುದು ಆಗಿನ ಇಟಲಿಯ ಫ್ಯಾಷನ್ನು. ಅದಕ್ಕೂ ನೂರು ವರ್ಷ ಹಿಂದೆ, 1753ರಲ್ಲಿ, ನೇಪಲ್ಸ್ ಊರಿನ ಒಂದು ಪ್ರಾರ್ಥನಾಮಂದಿರಕ್ಕೆ ಸಾನ್‌ಮಾರ್ತಿನೋ ಅನ್ನುವ ಶಿಲ್ಪಿ ಮುಸುಕು ಹೊದ್ದ ಕ್ರಿಸ್ತನನ್ನು ಕೆತ್ತಿದ್ದ. ಅದನ್ನು ಮಾಡಿಸಿದ ದೊರೆ ರಸವಿದ್ಯೆ ಬಲ್ಲವನು, ನಿಜವಾದ ಬಟ್ಟೆ ಹೊದಿಸಿ ಮದ್ದು ಸುರಿದು ಕಲ್ಲು ಮಾಡಿದ ಅಂತ ಜನ ಕಥೆ ಕಟ್ಟಿದರು. ಮದ್ದೂ ಇಲ್ಲ, ಮಂತ್ರವೂ ಇಲ್ಲ. ಒಂದೇ ಕಲ್ಲು, ಉಳಿ, ಮತ್ತು ಎಲ್ಲಿ ನೆರಳು ಬೀಳುತ್ತದೆ ಅನ್ನುವ ಲೆಕ್ಕ. ಇದನ್ನು ತಿಳಿದು ನೋಡಿದರೆ ಬೆರಗು ಕಡಿಮೆಯಾಗುವುದಿಲ್ಲ. ವಿಗ್ರಹದ ಕಡೆಯಿಂದ ಕೆಲಸಗಾರನ ಕೈಯ ಕಡೆಗೆ ಹೋಗುತ್ತದೆ, ಅಷ್ಟೆ.

ಅದೇ ಮ್ಯೂಸಿಯಂನಲ್ಲಿ ಒಂದೇ ಮರದ ದಿಮ್ಮಿಯಲ್ಲಿ ಎರಡು ಮುಖವಾಗಿ ಕೆತ್ತಿದ ಗೊಂಬೆಯನ್ನು ಎಲ್ಲರೂ ನೋಡಿರುತ್ತೀರಿ. ಮುಂದೆ ಸೊಕ್ಕಿನ ಗಂಡಸು, ಹಿಂದೆ ಕನ್ನಡಿಯಲ್ಲಿ ತಲೆ ತಗ್ಗಿಸಿದ ಹುಡುಗಿ. "ಗಂಡು ಹೆಣ್ಣು ಎರಡೂ ಒಂದೇ ಅಂತ ತೋರಿಸ್ಯಾರ" ಅಂತ ಒಬ್ಬ ಗೆಳೆಯರು ಅರ್ಥ ಹೇಳಿದ್ದರು, ಅರ್ಧನಾರೀಶ್ವರನನ್ನು ನೆನೆದು. ಚಂದದ ಅರ್ಥ, ಆದರೆ ಗೊಂಬೆಯದಲ್ಲ. ಅವರು ಜರ್ಮನಿಯ ಕವಿ ಗಯಟೆಯ 'ಫೌಸ್ಟ್' ನಾಟಕದ ಪಾತ್ರಗಳು. ಗಂಡಸು ಸೈತಾನನ ಕಡೆಯವನು, ಮೆಫಿಸ್ಟೋಫಿಲಿಸ್. ಹುಡುಗಿ ಮಾರ್ಗರೆಟಾ. ಸೈತಾನನ ಸಹಾಯದಿಂದ ಫೌಸ್ಟ್ ಅನ್ನುವ ಪಂಡಿತ ಅವಳನ್ನು ಮರುಳು ಮಾಡಿ, ಕೈಬಿಟ್ಟು, ಕಡೆಗೆ ಅವಳು ಸೆರೆಮನೆ ಸೇರುತ್ತಾಳೆ. 1859ರಲ್ಲಿ ಪ್ಯಾರಿಸಿನಲ್ಲಿ ಇದು ಸಂಗೀತನಾಟಕವಾಗಿ ಆಡಿದ ಮೇಲೆ ಮನೆಮನೆಗೂ ಗೊತ್ತಾದ ಕಥೆಯಾಯಿತು. ಒಂದೇ ಮರದಲ್ಲಿ ಕೆಡಿಸಿದವನೂ ಕೆಟ್ಟವಳೂ ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದಾರೆ, ಒಬ್ಬರು ಇನ್ನೊಬ್ಬರ ಮುಖ ನೋಡುವಂತಿಲ್ಲ. ಇದು ತಿಳಿದ ಮೇಲೆ ಆ ಗೊಂಬೆಯನ್ನು ಚಮತ್ಕಾರ ಅಂತ ನೋಡಲು ಆಗುವುದೇ ಇಲ್ಲ.

ಇಂಥ ಪುಸ್ತಕ ಯಾಕೆ ಬೇಕಾಯಿತು ಅನ್ನುವುದರಲ್ಲಿ ಒಂದು ಇತಿಹಾಸ ಐತಿ, ಅದು ನಮ್ಮಂಥವರ ಇತಿಹಾಸವೇ. ಮೊದಲು ಯುರೋಪಿನ ಚಿತ್ರಗಳೆಲ್ಲ ರಾಜರ ಅರಮನೆಯಲ್ಲಿ, ಗುಡಿಗಳಲ್ಲಿ ಇದ್ದವು. ಅರಮನೆಗೆ ಬರುವ ಅತಿಥಿಗೆ ಪುಸ್ತಕ ಬೇಡ. ಮನೆಯ ಯಜಮಾನನೇ ಪಕ್ಕದಲ್ಲಿ ನಿಂತು ಹೇಳುತ್ತಾನೆ, ಅತಿಥಿಯೂ ಓದಿಕೊಂಡವನೇ. ಚಿತ್ರಗಳನ್ನು ತೂಗುಹಾಕುವುದೂ ಅಂದಕ್ಕಾಗಿ, ಗೋಡೆ ತುಂಬಲಿ ಅಂತ. ವಿಯೆನ್ನಾದ ಬೆಲ್ವೆಡೇರ್ ಅರಮನೆಯಲ್ಲಿ ಚಕ್ರವರ್ತಿಯ ಚಿತ್ರಗಳನ್ನು ಜನರಿಗೆ ತೆರೆದಾಗ ಕ್ರಿಶ್ಚಿಯನ್ ಫಾನ್ ಮೆಕೆಲ್ ಅನ್ನುವವನು ಅವನ್ನು ದೇಶವಾರು, ಕಾಲವಾರು ಜೋಡಿಸಿ 1783ರಲ್ಲಿ ಒಂದು ಪಟ್ಟಿಪುಸ್ತಕ ಅಚ್ಚು ಮಾಡಿಸಿದ. ಹತ್ತು ವರ್ಷದ ಮೇಲೆ, ಫ್ರಾನ್ಸಿನಲ್ಲಿ ರಾಜನ ತಲೆ ಹೋಗಿ ಪ್ರಜೆಗಳ ಆಳಿಕೆ ಬಂದಿತ್ತು, 1793ರ ಆಗಸ್ಟ್ 10ರಂದು ಪ್ಯಾರಿಸಿನ ಲೂವ್ರ್ ಅರಮನೆಯನ್ನು ಮ್ಯೂಸಿಯಂ ಮಾಡಿ ತೆರೆದರು. 537 ಚಿತ್ರಗಳು. ಕಾಸು ಕೊಡಬೇಕಾಗಿಲ್ಲ, ಯಾರಾದರೂ ಬರಬಹುದು. ಮೀನು ಮಾರುವವಳು, ಕಮ್ಮಾರ, ಸಿಪಾಯಿ ಎಲ್ಲರೂ ಒಳಗೆ ಬಂದರು.

ಒಳಗೆ ಬಂದರು, ಸರಿ. ಆದರೆ ಹೇಳುವವರು ಯಾರು? ಯಜಮಾನ ಇಲ್ಲ. ಬಾಗಿಲು ತೆರೆದರೆ ಮಾತ್ರ ಮನೆ ನಮ್ಮದಾಗುವುದಿಲ್ಲ ನೋಡ್ರಿ, ಯಾವುದು ಎಲ್ಲೈತಿ ಅಂತ ತಿಳೀಬೇಕು. ಚಿತ್ರದ ನಂಬರು, ಬರೆದವನ ಹೆಸರು, ವಿಷಯ, ಇಷ್ಟು ಹೇಳುವ ಸಣ್ಣ ಪುಸ್ತಕಗಳು ಹೀಗೆ ಬೇಕಾದವು. ಆದ್ದರಿಂದ ಗೈಡು ಪುಸ್ತಕವನ್ನು ಶ್ರೀಮಂತ ಪ್ರವಾಸಿಗಳ ಷೋಕಿ ಅಂತ ತಿಳಿಯಬೇಡಿ. ಬಾಗಿಲೊಳಗೆ ಹೊಸದಾಗಿ ಬಂದವನಿಗೆ, ಅಪ್ಪ ಅಜ್ಜ ಹೇಳಿಕೊಡದವನಿಗೆ ಬೇಕಾದ ಪುಸ್ತಕ ಅದು.

ಷೋಕಿಯೂ ಆಮೇಲೆ ಬಂತು. ರೈಲು, ಹಬೆಹಡಗು ಬಂದ ಮೇಲೆ ಇಂಗ್ಲಿಷರು ಗುಂಪುಗುಂಪಾಗಿ ಯುರೋಪು ಸುತ್ತತೊಡಗಿದರು. ಲಂಡನ್ನಿನ ಜಾನ್ ಮರ್ರೆ 1836ರಲ್ಲಿ ಮೊದಲ ಕೈಪಿಡಿ ತಂದ. ಅದೇ ಮರ್ರೆ ಕಂಪನಿ 1859ರಲ್ಲಿ ಮದ್ರಾಸು, ಬೊಂಬಾಯಿ ಸೀಮೆಗಳಿಗೂ ಕೈಪಿಡಿ ಹೊರಡಿಸಿತು. ಅಂದರೆ ನಮ್ಮ ಸೀಮೆಯೂ ಆಗಲೇ ಗೈಡು ಪುಸ್ತಕಕ್ಕೆ ಸೇರಿಹೋಗಿತ್ತು, ನಮಗೆ ಗೊತ್ತಿಲ್ಲದಂತೆ. ಜರ್ಮನಿಯ ಕಾರ್ಲ್ ಬೇಡೆಕರ್ ಇನ್ನೂ ಹೆಸರಾದವನು. ಇವನ ಬಗ್ಗೆ ಒಂದು ಕಥೆ ಹೇಳುತ್ತಾರೆ. ಮಿಲಾನ್ ಊರಿನ ದೊಡ್ಡ ಇಗರ್ಜಿಯ ಮೇಲೆ ಹತ್ತುವಾಗ ಮೆಟ್ಟಿಲು ಎಷ್ಟು ಅಂತ ತಪ್ಪಿಲ್ಲದೆ ಬರೆಯಬೇಕಿತ್ತು. ಅಂಗಿಯ ಜೇಬಿನಲ್ಲಿ ಬಟಾಣಿ ಕಾಳು ತುಂಬಿಕೊಂಡು, ಇಪ್ಪತ್ತು ಮೆಟ್ಟಿಲಿಗೆ ಒಂದು ಕಾಳನ್ನು ಚಡ್ಡಿಯ ಜೇಬಿಗೆ ಹಾಕುತ್ತ ಹೋದನಂತೆ. ಇಳಿಯುವಾಗ ಅದನ್ನೇ ತಿರುವಿ ಮಾಡಿ ಲೆಕ್ಕ ತಾಳೆ ನೋಡಿದನಂತೆ. ನಮ್ಮಲ್ಲಿ ಚೀಲ ಎಣಿಸುವ ಹಮಾಲರ ಲೆಕ್ಕವೂ ಇದೇ ರೀತಿ. ಅಂಥ ಶ್ರದ್ಧೆಯಿಂದ ಬರೆದ ಪುಸ್ತಕಗಳು ಅವು.

ಬೇಡೆಕರ್ ಇನ್ನೊಂದು ಪದ್ಧತಿ ತಂದ. ತಪ್ಪದೆ ನೋಡಬೇಕಾದ ವಸ್ತುಗಳ ಮುಂದೆ ನಕ್ಷತ್ರದ ಗುರುತು ಹಾಕಿದ. ಸಮಯ ಕಡಿಮೆ ಇದ್ದವನಿಗೆ ಇದು ಉಪಕಾರವೇ. ಆದರೆ ಜನ ನಕ್ಷತ್ರವನ್ನೇ ನೋಡತೊಡಗಿದರು. ನಕ್ಷತ್ರವಿಲ್ಲದ ಚಿತ್ರದ ಮುಂದೆ ಯಾರೂ ನಿಲ್ಲಲಿಲ್ಲ. ಈ ಗುರುತಿನ ಕಡೆಯ ಗತಿ ಎಲ್ಲಿಗೆ ಹೋಯಿತು ಅಂದರೆ, 1942ರಲ್ಲಿ ಹಿಟ್ಲರನ ವಿಮಾನಗಳು ಇಂಗ್ಲೆಂಡಿನ ಬಾತ್, ಯಾರ್ಕ್, ನಾರ್ವಿಚ್, ಎಕ್ಸೆಟರ್, ಕ್ಯಾಂಟರ್ಬರಿ ಅನ್ನುವ ಚಂದದ ಹಳೇ ಊರುಗಳನ್ನು ಹುಡುಕಿ ಬಾಂಬು ಹಾಕಿದಾಗ, ಅವಕ್ಕೆ ಬೇಡೆಕರ್ ದಾಳಿ ಅಂತಲೇ ಹೆಸರು ಬಿತ್ತು.

ನಕ್ಷತ್ರದ ಹಾವಳಿ ಈಗಲೂ ನಿಂತಿಲ್ಲ. ನಾನು ಪ್ಯಾರಿಸಿಗೆ ಹೋದವನಲ್ಲ. ಆದರೆ ಹೈದರಾಬಾದಿನ ಆಬಿಡ್ಸ್ ರಸ್ತೆಯಲ್ಲಿ ಭಾನುವಾರ ಹಳೇ ಪುಸ್ತಕ ಹರಡುತ್ತಾರಲ್ಲ, ಅಲ್ಲಿ ಲೂವ್ರ್ ಮ್ಯೂಸಿಯಂನ ಒಂದು ಹಳೇ ಕೈಪಿಡಿ ಸಿಕ್ಕಿತು. ರಟ್ಟು ಹರಿದಿತ್ತು, ನಕ್ಷೆ ಗಟ್ಟಿಯಾಗಿತ್ತು. ಅದನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೆ ಅಂದರೆ, ಮನೆಯಲ್ಲಿ "ಹೋಗದ ಊರಿನ ದಾರಿ ಕೇಳ್ತಾರ ನೋಡು" ಅಂತ ನಗುತ್ತಾರೆ. ನಗಲಿ. ಅಲ್ಲಿಯ ಮೋನಾಲೀಸಾ ಚಿತ್ರವನ್ನು ಕ್ಯಾಲೆಂಡರಿನಲ್ಲಿ ನೋಡದವರಿಲ್ಲ. 77 ಸೆಂಟಿಮೀಟರು ಉದ್ದ, 53 ಅಗಲ, ನಮ್ಮ ಮನೆಯ ದೇವರ ಪಟದಷ್ಟು. 1911ರ ಆಗಸ್ಟ್ 21ರಂದು ಅದನ್ನು ಪೆರೂಜಾ ಅನ್ನುವ ಇಟಲಿಯ ಕೆಲಸಗಾರ ಕದ್ದೊಯ್ದ. ಆಗ ಖಾಲಿ ಗೋಡೆಯನ್ನು ನೋಡಲು ಜನ ಸಾಲುಗಟ್ಟಿದರು. ಎರಡು ವರ್ಷದ ಮೇಲೆ ಚಿತ್ರ ಸಿಕ್ಕಿತು, ಅಷ್ಟರಲ್ಲಿ ಪತ್ರಿಕೆಗಳ ದೆಸೆಯಿಂದ ಅದು ಲೋಕಪ್ರಸಿದ್ಧವಾಗಿತ್ತು. ಇಂದು ಅದರ ಕೋಣೆಗೆ ಹೋದವರೆಲ್ಲ ಒಂದೇ ಕಡೆ ಮುಖ ಮಾಡಿ ಫೋನು ಎತ್ತಿ ಹಿಡಿಯುತ್ತಾರೆ.

ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಏನಿದೆ ಗೊತ್ತೆ? ಸುಮಾರು ಏಳು ಮೀಟರು ಎತ್ತರ, ಹತ್ತು ಮೀಟರು ಅಗಲದ ಚಿತ್ರ, ಆ ಮ್ಯೂಸಿಯಂನ ದೊಡ್ಡ ಚಿತ್ರಗಳಲ್ಲೊಂದು. ವೆರೊನೇಸೆ 1563ರಲ್ಲಿ ಮುಗಿಸಿದ 'ಕಾನಾ ಊರಿನ ಮದುವೆ'. ಮದುವೆಯೂಟದಲ್ಲಿ ದ್ರಾಕ್ಷಾರಸ ತೀರಿಹೋಗಿ, ಏಸುಕ್ರಿಸ್ತ ನೀರನ್ನೇ ರಸ ಮಾಡಿದ ಕಥೆ. ನೂರಕ್ಕೂ ಹೆಚ್ಚು ಜನ ಆ ಚಿತ್ರದಲ್ಲಿದ್ದಾರೆ. ವಾದ್ಯದವರು, ಬಡಿಸುವವರು, ನಾಯಿಗಳು, ಮಾಂಸ ಕತ್ತರಿಸುವವನು, ರುಚಿ ನೋಡುವವನು. ನಮ್ಮ ಕಡೆಯ ಮದುವೆ ಚಪ್ಪರದ ಗದ್ದಲವೇ. ಇದನ್ನು ಬರೆಸಿದ್ದು ವೆನಿಸ್ ಊರಿನ ಒಂದು ಮಠದ ಊಟದ ಮನೆಯ ಗೋಡೆಗೆ. ಅಂದರೆ ಸನ್ಯಾಸಿಗಳು ಮಾತಿಲ್ಲದೆ ಗಂಜಿ ಕುಡಿಯುವಾಗ ಎದುರಿಗೆ ಈ ಮದುವೆಯೂಟ! ಅದು ಗೊತ್ತಾದ ಕೂಡಲೆ ಚಿತ್ರದ ಅಳತೆಗೂ ವಿಷಯಕ್ಕೂ ಅರ್ಥ ಬರುತ್ತದೆ. 1797ರಲ್ಲಿ ನೆಪೋಲಿಯನ್ನನ ದಂಡು ಅದನ್ನು ಕತ್ತರಿಸಿ ಸುತ್ತಿ ಪ್ಯಾರಿಸಿಗೆ ಸಾಗಿಸಿತು. ಅವನು ಸೋತ ಮೇಲೆ ಬಹಳ ವಸ್ತುಗಳು ಅವರವರ ಊರಿಗೆ ವಾಪಸಾದವು. ಇದು ಮಾತ್ರ ಬಹಳ ದೊಡ್ಡದು, ಸಾಗಿಸಿದರೆ ಕೆಟ್ಟುಹೋದೀತು ಅನ್ನುವ ನೆಪದಲ್ಲಿ ಅಲ್ಲೇ ಉಳಿಯಿತು, ಬದಲಿಗೆ ಬೇರೊಂದು ಚಿತ್ರ ಕೊಟ್ಟರು. 2007ರಲ್ಲಿ ಅದರ ನಿಖರವಾದ ಪ್ರತಿಯೊಂದನ್ನು ಮಾಡಿ ಆ ಹಳೇ ಊಟದ ಮನೆಯಲ್ಲಿ ತೂಗುಹಾಕಿದ್ದಾರೆ. ಮೂಲ ಪ್ಯಾರಿಸಿನಲ್ಲಿ ಜನರ ಬೆನ್ನು ನೋಡುತ್ತದೆ, ಪ್ರತಿ ತನ್ನ ಜಾಗದಲ್ಲಿ ಕೂತಿದೆ.

ನನಗೆ ಕೈಪಿಡಿಯ ಬೆಲೆ ತಿಳಿದದ್ದು ಇಲ್ಲಿ. ಮ್ಯೂಸಿಯಂನಲ್ಲಿರುವ ಯಾವ ವಸ್ತುವೂ ಮ್ಯೂಸಿಯಂಗಾಗಿ ಹುಟ್ಟಿದ್ದಲ್ಲ. ಎಲ್ಲಿಂದಲೋ ಕಿತ್ತು, ಕೊಂಡು, ಬೇಡಿ, ದೋಚಿ ತಂದದ್ದು. ಒಳ್ಳೆಯ ಕೈಪಿಡಿ ಅದನ್ನು ಒಂದು ಗಳಿಗೆ ಅದರ ಹಳೇ ಜಾಗಕ್ಕೆ ತಿರುಗಿ ಕೂಡಿಸುತ್ತದೆ. ಯಾವ ಊರು, ಯಾರಿಗಾಗಿ, ಯಾವ ಗೋಡೆ, ಅಲ್ಲಿಂದ ಇಲ್ಲಿಗೆ ಯಾವ ದಾರಿ. ನಕ್ಷತ್ರ ಹಾಕುವ ಪುಸ್ತಕ ಏನು ನೋಡಬೇಕು ಅನ್ನುತ್ತದೆ, ಈ ಬಗೆಯ ಪುಸ್ತಕ ಹೇಗೆ ನೋಡಬೇಕು ಅನ್ನುತ್ತದೆ.

ನಮ್ಮ ರಾಜ್ಯದ ಕಲ್ಲುಗಳೇ ಇದಕ್ಕೆ ಸಾಕ್ಷಿ. ಗುಂಟೂರು ಸೀಮೆಯ ಅಮರಾವತಿಯಲ್ಲಿ ಕೃಷ್ಣಾ ನದಿಯ ದಂಡೆಗೆ ದೊಡ್ಡ ಬೌದ್ಧ ಸ್ತೂಪವಿತ್ತು. 1790ರ ದಶಕದಲ್ಲಿ ಜಮೀನ್ದಾರ ವಾಸಿರೆಡ್ಡಿ ವೆಂಕಟಾದ್ರಿ ನಾಯುಡು ಅಲ್ಲಿ ಹೊಸ ಊರು ಕಟ್ಟಿಸುವಾಗ ಆ ದಿಬ್ಬವನ್ನು ಅಗೆದು ಬಂಡೆ ತೆಗೆದರು. ಕೆತ್ತನೆಯ ಬಂಡೆಗಳು ಕಟ್ಟಡಕ್ಕೆ ಹೋದವು, ಕೆಲವನ್ನು ಸುಟ್ಟು ಸುಣ್ಣ ಮಾಡಿದರು. ಅದು ಸುಣ್ಣದ ಕಲ್ಲು, ಹೆಸರಿಗೆ ಮಾತ್ರ ಅಮೃತಶಿಲೆ. ನಮ್ಮ ಮನೆಗಳಿಗೆ ಹಾಸುವ ಬೇತಂಚೆರ್ಲ ಬಂಡೆಗೆ ಹತ್ತಿರದ ನಂಟು. ಕರ್ನಲ್ ಮೆಕೆಂಜಿ ಬಂದು ನೋಡಿದ, 1816ರಲ್ಲಿ ಮತ್ತೆ ಬಂದು ಚಿತ್ರ ಬರೆಸಿದ. 1845ರಲ್ಲಿ ವಾಲ್ಟರ್ ಎಲಿಯಟ್ ಅಗೆಸಿ ಬಂಡೆಗಳನ್ನು ಮದ್ರಾಸಿಗೆ ಸಾಗಿಸಿದ. ಅಲ್ಲಿ ವರ್ಷಗಟ್ಟಲೆ ಬಿಸಿಲು ಮಳೆಗೆ ಬಿದ್ದಿದ್ದವು. 1859ರಲ್ಲಿ 121 ಬಂಡೆಗಳು ಹಡಗು ಹತ್ತಿ ಲಂಡನ್ನಿಗೆ ಹೋದವು. ಅಲ್ಲಿಯೂ ಗೌರವವೇನಿಲ್ಲ. 1867ರಲ್ಲಿ ಜೇಮ್ಸ್ ಫರ್ಗುಸನ್ ಅನ್ನುವ ವಿದ್ವಾಂಸ ಒಂದು ಬಂಗಲೆಯ ಸಾರೋಟು ನಿಲ್ಲಿಸುವ ಕೊಟ್ಟಿಗೆಯಲ್ಲಿ ಅವನ್ನು ಕಂಡ. 1880ರಲ್ಲಿ ಬ್ರಿಟಿಷ್ ಮ್ಯೂಸಿಯಂ ಸೇರಿದವು.

ಈ ಬಂಡೆಗಳ ನಂಬರನ್ನು ಗಮನಿಸಿ. 1880,0709 ಅಂತ ಶುರುವಾಗುತ್ತದೆ. ಅರ್ಥ ಇಷ್ಟೆ: 1880ನೆ ಇಸವಿ, 7ನೆ ತಿಂಗಳು, 9ನೆ ತಾರೀಖು ದಾಖಲೆಗೆ ಬಂದದ್ದು. ಶಾಲೆಯ ದಾಖಲಾತಿ ರಿಜಿಸ್ಟರಿನಂತೆ. ಯಾರೂ ಓದದ ಆ ಸಣ್ಣ ಅಂಕಿಯಲ್ಲಿ ಒಂದು ಊರಿನ ಕಲ್ಲು ಇನ್ನೊಂದು ಊರಿನದಾದ ದಿನ ಕೂತಿದೆ. ಅದೇ ಸಾಲಿನ 79ನೆ ನಂಬರಿನ ಬಂಡೆಗೆ ಎರಡು ಮುಖ. ಒಂದು ಮುಖ ಕ್ರಿ.ಪೂ. 1ನೆ ಶತಮಾನದ್ದು. ಬೋಧಿವೃಕ್ಷ, ಕೆಳಗೆ ಖಾಲಿ ಪೀಠ, ಸುತ್ತ ಕೈಮುಗಿದ ಜನ. ಆಗ ಬುದ್ಧನ ರೂಪ ಕೆತ್ತುತ್ತಿರಲಿಲ್ಲ, ಖಾಲಿ ಪೀಠವೇ ಬುದ್ಧ. ಮುನ್ನೂರು ವರ್ಷಕ್ಕೂ ಹೆಚ್ಚು ಕಾಲವಾದ ಮೇಲೆ, ಕ್ರಿ.ಶ. 3ನೆ ಶತಮಾನದಲ್ಲಿ, ಅದೇ ಬಂಡೆಯನ್ನು ತಿರುಗಿಸಿ ಹಿಂಬದಿಗೆ ಇಡೀ ಸ್ತೂಪದ ಚಿತ್ರ ಕೆತ್ತಿದರು. ಇಂದು ಸ್ತೂಪ ಹೇಗಿತ್ತು ಅಂತ ಹೇಳುವಾಗ ಆ ಚಿತ್ರವೇ ದೊಡ್ಡ ಆಧಾರ. ಉಳಿದ ಬಂಡೆಗಳ ದೊಡ್ಡ ಪಾಲು ಮದ್ರಾಸಿನ ಎಗ್ಮೋರ್ ಮ್ಯೂಸಿಯಂನಲ್ಲಿದೆ, ಅವಕ್ಕೆ ಸಿ. ಶಿವರಾಮಮೂರ್ತಿ ಅವರು 1942ರಲ್ಲಿ ಬರೆದ ಪುಸ್ತಕ ಇವತ್ತಿಗೂ ನಡೆಯುತ್ತದೆ. ಅಮರಾವತಿಗೆ ಹೋದರೆ ಸಿಗುವುದು ದಿಬ್ಬ, ಸ್ಥಳೀಯ ಮ್ಯೂಸಿಯಂ, ಕೆಲವು ಬಂಡೆಗಳು. ಒಂದು ಸ್ತೂಪ ಮೂರು ಊರಿನಲ್ಲಿ ಹಂಚಿಹೋಗಿದೆ, ಮೂರನ್ನೂ ಕೂಡಿಸುವುದು ಪುಸ್ತಕ ಮಾತ್ರ.

ಪುಸ್ತಕ ಹೇಳಿದ್ದೆಲ್ಲ ವೇದವಲ್ಲ, ಅದನ್ನೂ ಹೇಳಬೇಕು. ಹಂಪಿಗೆ 1917ರಲ್ಲಿ ಲಾಂಗ್‌ಹರ್ಸ್ಟ್ ಒಳ್ಳೆಯ ಕೈಪಿಡಿ ಬರೆದ, ಅವನ ದಾರಿಯಲ್ಲಿ ಎಷ್ಟೋ ಪುಸ್ತಕಗಳು ಬಂದವು. ಆದರೆ 1528ರಲ್ಲಿ ಕೃಷ್ಣದೇವರಾಯ ಮಾಡಿಸಿದ ದೊಡ್ಡ ನರಸಿಂಹನನ್ನು ಉಗ್ರನರಸಿಂಹ ಅಂತಲೇ ಎಷ್ಟೋ ಪುಸ್ತಕಗಳು ಬರೆದವು, ಗೈಡುಗಳು ಕೂಗಿದರು. ವಿಗ್ರಹದ ಹಿಂದೆ ಹೋಗಿ ನೋಡಿದರೆ ಅವನ ಬೆನ್ನ ಮೇಲೆ ಒಂದು ಹೆಣ್ಣಿನ ಕೈ ಉಳಿದಿದೆ. ತೊಡೆಯ ಮೇಲಿದ್ದ ಲಕ್ಷ್ಮಿಯನ್ನು ಒಡೆದಿದ್ದಾರೆ, ಕೈ ಮಾತ್ರ ಬಿಟ್ಟುಹೋಗಿದೆ. ಅವನು ಲಕ್ಷ್ಮೀನರಸಿಂಹ. ಪುಸ್ತಕ ಓದಿ ಮುಂದೆ ನಿಂತವನಿಗಿಂತ, ಪುಸ್ತಕ ಮಡಚಿ ಹಿಂದಕ್ಕೆ ಸುತ್ತಿ ಬಂದವನು ಹೆಚ್ಚು ಕಂಡ.

ಹಾಗಾಗಿ ನನ್ನ ರೂಢಿ ಹೀಗೆ. ಹೋಗುವ ಹಿಂದಿನ ವಾರ ಪುಸ್ತಕ ಓದಿ ಐದು ವಸ್ತುಗಳನ್ನು ಆರಿಸಿಕೊಳ್ಳುತ್ತೇನೆ, ಆರನೆಯದಿಲ್ಲ. ನಕ್ಷೆಯಲ್ಲಿ ಅವುಗಳ ಕೋಣೆ ಗುರುತು ಮಾಡುತ್ತೇನೆ. ಒಳಗೆ ಹೋದ ಮೇಲೆ ಪುಸ್ತಕ ಚೀಲದಲ್ಲಿ. ವಸ್ತುವಿನ ಮುಂದೆ ನಿಂತು ಓದಬಾರದು, ಕಣ್ಣು ಅಕ್ಷರದ ಮೇಲೆ ಹೋಗುತ್ತದೆ. ಒಂದೊಂದರ ಮುಂದೆ ಕಾಲು ಗಂಟೆ. ಮಕ್ಕಳಾದರೆ ಕೂಡಿಸಿ ಬಿಡುತ್ತೇನೆ, ಕಾವಲಿನವರು ಬೈಯುವವರೆಗೆ. ಹಳ್ಳಿಗೆ ಬಂದು ಮತ್ತೆ ಪುಸ್ತಕ ತೆಗೆದರೆ, ಅದರಲ್ಲಿ ಇಲ್ಲದ್ದು ನಾವು ಕಂಡಿರುತ್ತೇವೆ. ಫೋನಿನಲ್ಲಿ ಎಲ್ಲಾ ಐತಲ್ಲ ಸಾರ್ ಅಂತ ಕಿರಿಯ ಮೇಷ್ಟ್ರುಗಳು ಕೇಳುತ್ತಾರೆ. ಐತಿ. ಹೋಗುವ ಮುಂಚೆ ನೋಡಿಕೊಳ್ಳಿ, ಒಳಗೆ ಜೇಬಿನಲ್ಲಿಡಿ, ಪುಸ್ತಕಕ್ಕೆ ಹೇಳಿದ್ದೇ ಅದಕ್ಕೂ.

ತೊಡಕಿರುವುದು ಭಾಷೆಯದು. ಶಿವರಾಮ ಕಾರಂತರ 'ಅಪೂರ್ವ ಪಶ್ಚಿಮ', ಗೋಕಾಕರ 'ಸಮುದ್ರದಾಚೆಯಿಂದ' ಮುಂತಾದ ಪ್ರವಾಸಕಥನಗಳು ಕನ್ನಡಕ್ಕೆ ಯುರೋಪನ್ನು ತಂದವು. ಅವು ನೋಡಿ ಬಂದವರ ಮಾತು, ನೋಡಲು ಹೋಗುವವರ ಕೈಗೆ ಬೇರೆಯದು ಬೇಕು. 1953ರಲ್ಲಿ ಆದೋನಿ, ಆಲೂರು ತಾಲೂಕುಗಳು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದ ಮೇಲೆ, ನಮ್ಮ ಗಡಿಯ ಕನ್ನಡ ಶಾಲೆಯ ಮಗು ಹೈದರಾಬಾದಿನ ಫಲಕದಲ್ಲಿ ತನ್ನ ಭಾಷೆ ಕಾಣಬೇಕು ಅನ್ನುವುದು ನ್ಯಾಯವಲ್ಲ. ಆದರೆ ಆ ಮಗುವಿಗೆ ರೆಬೆಕ್ಕಾಳ ಬಾವಿಯ ಕಥೆ ಮನೆಮಾತಿನಲ್ಲಿ ಸಿಗದಿದ್ದರೆ, ಅದು ಗಡಿಯಾರ ನೋಡಿಕೊಂಡೇ ವಾಪಸು ಬರುತ್ತದೆ. ಅದಕ್ಕೇ ಕಳೆದ ಬೇಸಿಗೆಯಲ್ಲಿ ವಾಚನಾಲಯದ ನಾಲ್ಕೈದು ಮಂದಿ ಕೂತು ಒಂದು ಉದ್ದನೆ ನೋಟ್ ಬುಕ್ಕಿನಲ್ಲಿ ಬರೆಯಲು ಹಿಡಿದೆವು. ಒಂದು ಪುಟಕ್ಕೆ ಒಂದು ವಸ್ತು. ಏನು, ಯಾರು ಮಾಡಿದ್ದು, ಮೊದಲು ಎಲ್ಲಿತ್ತು, ಹೇಗೆ ಬಂತು, ಮುಂದೆ ನಿಂತಾಗ ಯಾವ ಮೂಲೆ ನೋಡಬೇಕು. ಎಡಕ್ಕೆ ಕನ್ನಡ, ಬಲಕ್ಕೆ ತೆಲುಗು. ಹನ್ನೊಂದು ಪುಟ ಆಗಿದೆ. ಅಡುಗೆಯ ತಾಯಿಯ ಮಾತನ್ನು ರೆಬೆಕ್ಕಾಳ ಪುಟದ ಕೆಳಗೆ ಹಾಗೇ ಬರೆದಿದ್ದೇವೆ.

ಹನ್ನೆರಡನೆಯ ಪುಟಕ್ಕೆ ಊರ ಹೊರಗಿನ ಹೊಲದ ಬದುವಿನಲ್ಲಿ ಮಲಗಿರುವ ವೀರಗಲ್ಲನ್ನು ಸೇರಿಸಬೇಕು ಅಂತ ಹುಡುಗರ ಹಟ. ಅದು ಮ್ಯೂಸಿಯಂ ಅಲ್ಲಪ್ಪ ಅಂದರೆ, "ಇನ್ನೂ ಯಾರೂ ಒಯ್ದಿಲ್ಲಲ್ಲ ಸಾರ್, ಮೊದಲೇ ಬರೆದಿಡೋಣ" ಅಂದ ಒಬ್ಬ. ಪುಟ ಬಿಟ್ಟಿದ್ದೇವೆ. ನೋಟ್ ಬುಕ್ಕು ವಾಚನಾಲಯದ ಎರಡನೆ ಕಪಾಟಿನಲ್ಲಿದೆ, ರಿಜಿಸ್ಟರಿನಲ್ಲಿ ಸಹಿ ಹಾಕಿ ಒಯ್ಯಬಹುದು. ಸಾಲಾರ್‌ಜಂಗ್ ಮ್ಯೂಸಿಯಂಗೆ ಶುಕ್ರವಾರ ರಜೆ, ಆ ದಿನ ಬಿಟ್ಟು ಹೊರಡಿ.